ನಿಟ್ಟೂರಿನಲ್ಲಿ ನಿಂತುಹೋದ ಶನಿವಾರದ ಕೂಟ

ಕೋವಿಡ್ ಕಾಲದ ಗದ್ದಲ ಇಳಿದು ಕಚೇರಿಗಳು ಮೊದಲಿನಂತೆ ನಡೆಯಲು ಶುರುವಾಗಿದ್ದ ವರ್ಷಗಳ ಮಾತಿದು. ಆಗ ನಾನು ತುಮಕೂರಿನ ಒಂದು ಮಹಿಳಾ ಸಲಹಾ ಕೇಂದ್ರದಲ್ಲಿ ಹಿರಿಯ ಆಪ್ತ ಸಮಾಲೋಚಕಿಯಾಗಿದ್ದೆ. ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿತ್ತು. ಕೇಂದ್ರವನ್ನು ನಡೆಸುತ್ತಿದ್ದದ್ದು ಒಂದು ಸಣ್ಣ ಟ್ರಸ್ಟ್, ಖರ್ಚು ಮಾತ್ರ ಸರ್ಕಾರದ ಅನುದಾನದ್ದು. ನಮ್ಮ ಸಂಬಳ, ಕೋಣೆಯ ಬಾಡಿಗೆ, ಹಳ್ಳಿಗಳಿಗೆ ಓಡಾಡುವ ಬಸ್ ಚಾರ್ಜು ಎಲ್ಲವೂ ಜಿಲ್ಲಾ ಮಟ್ಟದ ಸಮಿತಿಯೊಂದು ಪ್ರತಿ ವರ್ಷ ಒಪ್ಪಿದ ಮೇಲೆಯೇ ಬರಬೇಕು. ಸದಾಶಿವನಗರದ ನಮ್ಮ ಮನೆಯಿಂದ ಬೆಳಿಗ್ಗೆ ಹೊರಡುವಾಗ ಇಂದು ಯಾವ ಹೆಂಗಸು ಬಂದು ಕಾಯುತ್ತಿದ್ದಾಳೋ ಎಂಬ ಯೋಚನೆ ಒಂದು ಕಡೆ, ಮುಂದಿನ ವರ್ಷ ನಾವೇ ಇರುತ್ತೇವೋ ಇಲ್ಲವೋ ಎಂಬ ಯೋಚನೆ ಇನ್ನೊಂದು ಕಡೆ. ಎರಡಕ್ಕೂ ಒಗ್ಗಿಹೋಗಿದ್ದೆ.

ನಮ್ಮ ಕೆಲಸದ ಒಂದೆರಡು ಮಾತನ್ನು ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಮನೆಯಲ್ಲಿ ಹೊಡೆತ ತಿಂದ ಹೆಂಗಸು ನಮ್ಮಲ್ಲಿಗೆ ಬಂದು, ಕಾನೂನಿನ ಮೊರೆ ಹೋಗಲು ಒಪ್ಪಿದರೆ ನಾವು ಡಿಐಆರ್ ಬರೆಸುತ್ತೇವೆ. ಕೌಟುಂಬಿಕ ಘಟನೆಯ ವರದಿ ಎಂದು ಅದರ ಅರ್ಥ. ಅದು ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಇದು ಏಟು ಬಿದ್ದ ಮೇಲಿನ ಕೆಲಸ. ಏಟು ಬೀಳುವುದಕ್ಕೆ ಮುಂಚಿನ ಕೆಲಸಕ್ಕೂ ಅನುದಾನದಲ್ಲಿ ಒಂದು ಪಾಲು ಇರುತ್ತಿತ್ತು. ಅರಿವು ಮತ್ತು ತಡೆ ಎಂದು ಅದರ ಹೆಸರು. ಆ ಹಣ ಬ್ಯಾನರಿಗೆ, ಜಾಥಾಕ್ಕೆ, ವೇದಿಕೆಯ ಹಾರಕ್ಕೆ ಮುಗಿದುಹೋಗುವುದೇ ಹೆಚ್ಚು. ನಾವು ಹಾಗೆ ಮಾಡದೆ ಅದರಲ್ಲಿ ಎರಡು ಉಪಕೇಂದ್ರ ತೆರೆದೆವು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲೊಂದು, ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲೊಂದು. ಉಪಕೇಂದ್ರವೆಂದರೆ ಒಂದು ಕೋಣೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ವಾರಕ್ಕೊಂದು ದಿನ ಹೋಗಿ ಕೂರುವ ನಾವು.

ನಿಟ್ಟೂರಿನ ಕೋಣೆ ಹಳೆಯ ಸೊಸೈಟಿ ಕಟ್ಟಡದ ಹಿಂಭಾಗದಲ್ಲಿತ್ತು. ಮುಂದೆ ಒಂದು ಕಲ್ಲಿನ ಜಗಲಿ. ಹಾಲಿನ ಡೈರಿಗೆ ಹೋಗಿಬರುವ ದಾರಿಯಾದ್ದರಿಂದ ಹೆಂಗಸರು ಬಂದುಹೋಗುವುದು ಯಾರ ಕಣ್ಣಿಗೂ ಎದ್ದುಕಾಣುತ್ತಿರಲಿಲ್ಲ. ಅಲ್ಲಿಗೆ ಬರುತ್ತಿದ್ದ ಒಬ್ಬಾಕೆಗೆ ನಾನು ಒಂದು ದಿನ ತಾಳ್ಮೆಯ ವಿಷಯವಾಗಿ ಏನೋ ಹೇಳುತ್ತಿದ್ದೆ. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನನ್ಗೆ ಹೇಳಿ ಏನ್ ಬಂತು ಮೇಡಂ, ಹೊಡಿಯೋದು ನಾನಲ್ವಲ್ಲ" ಅಂದಳು. ವಾಪಸು ಬರುವಾಗ ರೈಲಿನಲ್ಲಿ ಪೂರ್ತಿ ಅದೇ ಮಾತು ತಲೆಯಲ್ಲಿತ್ತು. ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ನಾವು ಗಂಡಸರಿಗೆಂದೇ ಒಂದು ಕೂಟ ಸೇರಿಸಿದೆವು. ಪ್ರತಿ ಶನಿವಾರ ಸಂಜೆ, ಕೆಲಸ ಬಿಟ್ಟ ಮೇಲೆ, ಅದೇ ಕೋಣೆಯಲ್ಲಿ.

ಕೂಟ ನಡೆಸಲು ಸಿಕ್ಕವರು ಗುಬ್ಬಿಯ ನಜೀರ್ ಸಾಬರು. ಬದುಕಿಡೀ ಬಸ್ ಓಡಿಸಿ ನಿವೃತ್ತರಾಗಿದ್ದರು. ಅವರ ಮಗಳು ಗಂಡನ ಮನೆಯಲ್ಲಿ ಪಟ್ಟ ಪಾಡಿನ ಸಂಬಂಧವಾಗಿ ನಮ್ಮಲ್ಲಿಗೆ ಬಂದಿದ್ದರು. ಮಗಳ ವಿಷಯ ಒಂದು ದಡ ಮುಟ್ಟಿದ ಮೇಲೂ ಬರುವುದನ್ನು ಬಿಡಲಿಲ್ಲ. ಬೆಂಗಳೂರಿಗೆ ಕಳಿಸಿ ತರಬೇತಿ ಕೊಡಿಸಿದೆವು. ಅವರ ಪಟ್ಟು ಒಂದೇ. "ಹೊಡೆದ ಕತೆ ಬ್ಯಾಡ್ರಪ್ಪ, ಅದು ಎಲ್ರುದೂ ಒಂದೇ. ಹೊಡೆಯಕ್ ಮುಂಚೆ ಏನಾಯ್ತು ಅದುನ್ನ ಹೇಳಿ." ಕೋಪ ಬಂತು ಸಾಬ್ರೇ ಎಂದು ಯಾರಾದರೂ ಅಂದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. "ಅದೇನ್ ಸುಮ್ನೆ ಬಂದ್ಬುಡ್ತದಾ? ಎಲ್ಲಿ ಹತ್ತಿತು, ಯಾವ ಸ್ಟಾಪಲ್ಲಿ ನಿಲ್ಸಿದ್ದೆ ನೀನು, ಹೇಳು." ಗಂಡಸರು ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಒಬ್ಬೊಬ್ಬರೇ ಮಾತಾಡುತ್ತಿದ್ದರು.

ಲೋಕೇಶ ಬಂದದ್ದು ಹೀಗೆ. ಸೊಸೈಟಿ ಕಟ್ಟಡದ ನೀರಿನ ಮೋಟರ್ ಕೆಟ್ಟಿತ್ತು, ರಿಪೇರಿಗೆ ಬಂದಿದ್ದ. ತೋಟಗಳ ಪಂಪ್‌ಸೆಟ್ ಮೋಟರಿಗೆ ತಾಮ್ರದ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ ಅವನದು. ಸುತ್ತಲಿನ ಹಳ್ಳಿಗಳಲ್ಲಿ ಅವನ ಕೈಕೆಲಸಕ್ಕೆ ಒಳ್ಳೆಯ ಹೆಸರಿತ್ತು. ಕುಡಿಯುತ್ತಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಕತೆ ಕೇಳಿದವರೆಲ್ಲ ಮೊದಲು ಕೇಳುವುದೇ ಅದನ್ನು. ಹೆಂಗಸರೆಲ್ಲ ಹೋದ ಮೇಲೆ ಸಾಮಾನು ಚೀಲ ಹಿಡಿದು ಬಾಗಿಲಲ್ಲಿ ನಿಂತ.

"ಮೇಡಂ, ಶನಿವಾರ ಗಂಡಸ್ರುದು ಏನೋ ನಡೀತದಂತಲ್ಲ. ಅದ್ಕೆ ಯಾರ್ ಬೇಕಾದ್ರೂ ಬರ್ಬೋದಾ?"

"ಬರಬಹುದು. ಯಾರಿಗೆ ಕೇಳ್ತಿದೀರ?"

"ನನ್ಗೇಯ." ಚೀಲ ಕೆಳಗಿಟ್ಟ. "ಹೋದ್ವಾರ ನಮ್ಮನೆಯವ್ಳ ಕುತ್ಗೆ ಹಿಡ್ಕಂಡ್ಬುಟ್ಟಿದ್ದೆ. ಹಿಡ್ಕಂಡಿದ್ದು ಗೊತ್ತು. ಬಿಟ್ಟಿದ್ದು ಹೆಂಗೆ ಅಂತ ಗ್ಯಾಪ್ನ ಬರ್ತಿಲ್ಲ."

ನನ್ನ ಸರ್ವಿಸಿನಲ್ಲಿ ಎಷ್ಟೋ ಗಂಡಸರನ್ನು ನೋಡಿದ್ದೇನೆ. ಪೊಲೀಸರು ಕಳಿಸಿ ಬಂದವರು, ಹೆಂಡತಿಯ ಅಣ್ಣತಮ್ಮಂದಿರು ಹಿಡಿದು ತಂದವರು, ಕೋರ್ಟು ಹೇಳಿದ್ದಕ್ಕೆ ಬಂದವರು. ಯಾರೂ ಕಳಿಸದೆ ತಾನಾಗಿ ಬಂದು ನನ್ನನ್ನು ತಡೆಯಿರಿ ಎಂದವನು ಇವನೊಬ್ಬನೇ. ಅದು ಸಮಾಧಾನದ ವಿಷಯವಾಗಬೇಕಿತ್ತು. ನನಗಾದದ್ದು ಭಯ. ಕೆನ್ನೆಗೆ ಹೊಡೆದವನಿಗಿಂತ ಕುತ್ತಿಗೆಗೆ ಕೈ ಹಾಕಿದವನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು ಎಂದು ನಮ್ಮ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅಲ್ಲಿಂದ ಮುಂದಿನ ಮೆಟ್ಟಿಲು ಒಂದೇ.

ಗಂಡಸನ್ನು ಕೂಟಕ್ಕೆ ಸೇರಿಸಿಕೊಳ್ಳುವ ಮುಂಚೆ ಅವನ ಹೆಂಡತಿಯನ್ನು ಒಬ್ಬಳನ್ನೇ ಕಂಡು ಮಾತಾಡಬೇಕೆಂಬುದು ನಮ್ಮ ಕಟ್ಟುನಿಟ್ಟು. ಅವನು ಅಂಗಡಿಯಲ್ಲಿದ್ದ ಹೊತ್ತು ನೋಡಿ ಮನೆಗೆ ಹೋದೆ. ಸವಿತಾ ಅಮೃತೂರಿನ ಕಡೆಯ ಹೆಣ್ಣು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಗಟ್ಟಿ ಗಂಟಲು. ನಾನು ಬಂದೆನೆಂದು ಕಾಂಪೌಂಡಿನಾಚೆ ಪಕ್ಕದ ಮನೆಯ ಗೌರಮ್ಮನನ್ನು ಕೂಗಿ ಸಕ್ಕರೆ ಕೇಳಿದಾಗ ಬೀದಿ ಕೊನೆಯವರೆಗೂ ಕೇಳಿಸಿರಬೇಕು. ಆದರೆ ನಾನು ಬಂದ ಕಾರಣ ಹೇಳಿದಾಗ ದನಿ ಇಳಿಯಿತು. ಕತ್ತಿನ ಬಳಿ ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದಳು.

ಡಿಐಆರ್ ಬರೆಸುವ ಮಾತೆತ್ತಿದೆ. ಕೋರ್ಟಿನಿಂದ ರಕ್ಷಣಾ ಆದೇಶ ಸಿಗುತ್ತದೆ, ಈ ಮನೆಯಲ್ಲೇ ಇರುವ ಹಕ್ಕೂ ನಿನಗಿದೆ ಎಂದು ವಿವರಿಸಿದೆ. ಎಲ್ಲ ಕೇಳಿಸಿಕೊಂಡಳು.

"ಅವ್ರೇ ಬಂದು ಕೇಳಿದ್ರಾ ಮೇಡಂ? ಅವ್ರ ಬಾಯಲ್ಲೇ ಹೇಳಿದ್ರಾ, ಕುತ್ಗೆ ಹಿಡಿದೆ ಅಂತ?"

"ಹೇಳಿದ್ರು."

"ನನ್ತಾವ ಇನ್ನೂ ಹೇಳಿಲ್ಲ ಕಣ್ರೀ. ಏನೂ ಆಗ್ಲೇ ಇಲ್ಲ ಅನ್ನಂಗೆ ಬೆಳಿಗ್ಗೆ ಕಾಫಿ ಕೇಳಿದ್ರು." ಮಷೀನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಳು. "ಬರ್ಲಿ. ನೀವು ಕರ್ಕೊಳ್ಳಿ. ಕಂಪ್ಲೇಂಟು ಈಗ ಬ್ಯಾಡ."

ನಿರ್ಧಾರ ಅವಳದು, ನಮ್ಮದಲ್ಲ. ಆದರೆ ಸುರಕ್ಷತಾ ಯೋಜನೆ ಮಾಡದೆ ನಾನು ಅಲ್ಲಿಂದ ಏಳಲಿಲ್ಲ. ಅಪಾಯ ಬಂದರೆ ಏನು ಮಾಡಬೇಕು, ಎಲ್ಲಿಗೆ ಹೋಗಬೇಕು, ಯಾರಿಗೆ ಹೇಳಬೇಕು ಎಂಬುದನ್ನು ಮೊದಲೇ ಕೂತು ಗೊತ್ತುಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಗೌರಮ್ಮನನ್ನು ಒಳಗೆ ಕರೆದು ವಿಷಯ ತಿಳಿಸಿದೆವು. ಆರನೇ ಕ್ಲಾಸಿನ ಮಗಳು ಹರ್ಷಿತಾಗೆ, ಜಗಳ ಕಂಡರೆ ಮಧ್ಯೆ ಹೋಗದೆ ಗೌರಮ್ಮನ ಮನೆಗೆ ಓಡಬೇಕೆಂದು ಸವಿತಾ ಹೇಳಿಕೊಟ್ಟಳು. ಅಮೃತೂರಿನಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದ ಅವಳ ಅಣ್ಣ ಮಂಜಣ್ಣನಿಗೂ ಫೋನ್ ಮಾಡಿಸಿದೆ. ಎಷ್ಟು ಹೊತ್ತಿಗೆ ಬಂದರೂ ಬಾಗಿಲು ತೆಗೆಯುತ್ತೇನೆ ಎಂದರು.

ಲೋಕೇಶ ಶನಿವಾರಗಳಿಗೆ ಬರತೊಡಗಿದ. ಮೊದಮೊದಲು ಬಾಯಿ ಬಿಡುತ್ತಿರಲಿಲ್ಲ. ಆಮೇಲೊಂದು ದಿನ ನಜೀರ್ ಸಾಬರ ಅದೇ ಪ್ರಶ್ನೆಗೆ ಉತ್ತರ ಕೊಟ್ಟ. ನಾನು ಆ ದಿನ ಅಲ್ಲಿದ್ದೆ. "ಅವ್ಳು ಬೈದ್ರೆ ಏನೂ ಆಗಲ್ಲ ಸಾಬ್ರೇ. ಎದುರು ಮಾತಾಡಿದ್ರೂ ಏನಿಲ್ಲ. ಇದ್ದಕ್ಕಿದ್ದಂಗೆ ಸುಮ್ಕಾಗ್ಬುಡ್ತಾಳಲ್ಲ, ಆಗ. ನಮ್ಮವ್ವನೂ ಅಂಗೇಯ. ಅಪ್ಪ ಹೊಡ್ದ ಮೇಲೆ ದಿನಗಟ್ಲೆ ನನ್ ಜೊತೆಗೂ ಮಾತಾಡ್ತಿರ್ಲಿಲ್ಲ." ಸಾಬರು ಎದ್ದು ಅವನಿಗೆ ಟೀ ಲೋಟ ಕೊಟ್ಟು, ದವಡೆ ಬಿಗಿಯಾಗುವುದು ಗೊತ್ತಾದ ಕೂಡಲೇ ಮನೆಯಿಂದ ಹೊರಗೆ ಬರುವುದನ್ನು ಅಭ್ಯಾಸ ಮಾಡು ಎಂದರು. ಹೊರಗೆ ಬಂದು ಎಲ್ಲಿಗೆ ಹೋಗುತ್ತೀಯ ಎಂಬುದನ್ನೂ ಅವನ ಬಾಯಿಂದಲೇ ಹೇಳಿಸಿದರು. ಅಂಗಡಿಗೆ ಹೋಗಿ ತಂತಿ ಸುತ್ತುತ್ತೇನೆ ಅಂದ.

ಹಾಗೆಯೇ ಮಾಡಿದ. ನಾನು ತಿಂಗಳಿಗೊಮ್ಮೆ ಸವಿತಾಳನ್ನು ಬೇರೆಯಾಗಿ ಕಂಡು ಕೇಳುತ್ತಿದ್ದೆ. ಗಂಡನ ಮಾತೊಂದನ್ನೇ ನಂಬಿಕೊಂಡು ಈ ಕೆಲಸ ಮಾಡಬಾರದು. "ಮೊದ್ಲು ಅವ್ರು ಬಾಗ್ಲಲ್ಲಿ ಚಪ್ಲಿ ಬಿಡೋ ಸದ್ದು ಕೇಳಿದ್ರೆ ಎದೆ ಡವಡವ ಅನ್ನೋದು. ಈಗ ಕೋಪ ಬಂದಾಗ ಮೆಟ್ಕಂಡು ಎದ್ದು ಹೋದ್ರಲ್ಲ, ಸದ್ಯ ಅನ್ಸುತ್ತೆ" ಅಂದಳು. ಒಂದು ಮಳೆಗಾಲ ಕಳೆಯಿತು, ಯುಗಾದಿ ಬಂತು. ಮನೆಯಲ್ಲಿ ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂಬುದೇ ನಮಗೆ ಮುಳುವಾಯಿತು.

ಆ ವರ್ಷದ ಪರಿಶೀಲನಾ ಸಭೆಯಲ್ಲಿ ಉಪಕೇಂದ್ರಗಳ ಸರದಿ ಬಂದಾಗ ನಿಟ್ಟೂರಿನಲ್ಲಿ ದಾಖಲಾದ ಪ್ರಕರಣ ಎಷ್ಟು ಎಂದು ಕೇಳಿದರು. ಹಿಂದಿನ ವರ್ಷಕ್ಕಿಂತ ಕಡಿಮೆಯಿತ್ತು. ಹಾಗಾದರೆ ಅಲ್ಲಿ ಬೇಡಿಕೆ ಇಲ್ಲ ಎಂದಾಯಿತು. ಜೊತೆಗೆ ಆಡಿಟ್ ಆಕ್ಷೇಪಣೆಯೊಂದು ಬಂದಿತ್ತು. ಮಹಿಳೆಯರ ರಕ್ಷಣೆಗೆಂದು ಬಂದ ಹಣದಲ್ಲಿ ಗಂಡಸರ ಕೂಟ ನಡೆಸಿದ್ದು, ಅವರಿಗೆ ಟೀ, ಬಿಸ್ಕತ್ತು ಕೊಟ್ಟದ್ದು ಉದ್ದೇಶಕ್ಕೆ ಹೊರತಾದ ಖರ್ಚು ಎಂದು. ಸಭೆ ನಡೆಸುತ್ತಿದ್ದ ಅಧಿಕಾರಿ ಕೆಟ್ಟವರಲ್ಲ. ನನ್ನ ಮಾತನ್ನು ಪೂರ್ತಿ ಕೇಳಿದರು. ನಾನು ಹೆಸರು ಹೇಳದೆ ಲೋಕೇಶನ ವಿಷಯವನ್ನೇ ಹೇಳಿದೆ. ತಾನಾಗಿ ಬಂದ ಗಂಡಸು, ಇಷ್ಟು ತಿಂಗಳಿಂದ ಕೈ ಎತ್ತಿಲ್ಲ, ಇಂಥವರು ಇನ್ನೂ ಇದ್ದಾರೆ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಪ್ತೀನಿ ಮೇಡಂ. ಆದ್ರೆ ಆಗದೇ ಇದ್ದಿದ್ದನ್ನ ನಾನು ಯಾವ ಕಾಲಂನಲ್ಲಿ ಬರೀಲಿ? ಮೇಲಿನವ್ರು ಕೇಳಿದ್ರೆ ಏನ್ ತೋರಿಸ್ಲಿ?"

ನಗರದ ಕೇಂದ್ರ ಮುಂದುವರಿಯಿತು. ಎರಡು ಉಪಕೇಂದ್ರಗಳು ನಿಂತವು.

ಕೊನೆಯ ಶನಿವಾರ ನಾನೇ ಹೋಗಿ ಗಂಡಸರಿಗೆ ವಿಷಯ ತಿಳಿಸಿದೆ. ಏನಾದರೂ ಆದರೆ ಫೋನ್ ಮಾಡಿ, ತುಮಕೂರಿಗೆ ಬನ್ನಿ ಎಂದೆ. ಲೋಕೇಶ "ಆಯ್ತು ಮೇಡಂ, ಪರ್ವಾಗಿಲ್ಲ" ಅಂದ. ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಕೊಟ್ಟುಹೋದ. ನಜೀರ್ ಸಾಬರು ಸಂಬಳವಿಲ್ಲದಿದ್ದರೂ ನಡೆಸುತ್ತೇನೆಂದು ಹೊರಟರು. ಕೋಣೆ ಬೇರೆ ಕೆಲಸಕ್ಕೆ ಹೋಗಿದ್ದರಿಂದ ಗುಬ್ಬಿಯ ತಮ್ಮ ಮನೆಗೇ ಬರಹೇಳಿದರು. ಒಬ್ಬಿಬ್ಬರು ಬಂದರು. ಅಷ್ಟರಲ್ಲಿ ಸಾಬರಿಗೇ ಎದೆನೋವು ಬಂದು ಬೈಪಾಸ್ ಆಪರೇಷನ್ ಆಯಿತು. ಅಲ್ಲಿಗೆ ಅದೂ ನಿಂತಿತು.

ಸವಿತಾಳಿಗೆ ನಾನು ಮುಚ್ಚುಮರೆಯಿಲ್ಲದೆ ಹೇಳಿದ್ದೆ. "ಕೂಟ ನಿಂತಿದೆ. ಇನ್ನು ಒಂದೇ ಒಂದು ಸಲ ಅನುಮಾನ ಬಂದರೂ ಮಗಳನ್ನು ಕರಕೊಂಡು ಅಣ್ಣನ ಮನೆಗೆ ಹೊರಟುಬಿಡು." ಈಗ ಚೆನ್ನಾಗಿದ್ದಾರಲ್ಲ ಮೇಡಂ ಅಂದಳು. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಚೆನ್ನಾಗಿದೀವಿ ಎನ್ನುತ್ತಿದ್ದಳು. ಫೋನಿನಲ್ಲಿ ಅವಳ ದನಿ ಯಾವಾಗಲೂ ಸ್ವಲ್ಪ ಜೋರಾಗಿಯೇ ಇರುತ್ತಿತ್ತು, ಕಿವಿಯಿಂದ ದೂರ ಹಿಡಿಯಬೇಕಾಗುತ್ತಿತ್ತು.

ರಾಗಿ ಕೊಯ್ಲಿನ ದಿನಗಳು. ಶಾಲೆಗೆ ರಜೆ ಇದ್ದ ಒಂದು ಬೆಳಿಗ್ಗೆ. ಅಮೃತೂರಿನಲ್ಲಿ ಮಂಜಣ್ಣನ ಮೊಮ್ಮಗುವಿಗೆ ನಾಮಕರಣವಿತ್ತು. ಎರಡು ದಿನ ಮುಂಚೆ ಹೋಗಿ ಕೆಲಸಕ್ಕೆ ಒದಗುತ್ತೇನೆಂದು ಸವಿತಾ ಕೇಳಿದ್ದಾಳೆ. ಲೋಕೇಶ ಬೇಡ ಅಂದಿದ್ದಾನೆ. ಅವಳು ಮರುಮಾತಾಡದೆ ಮಷೀನಿನ ಮುಂದೆ ಹೋಗಿ ಕೂತಿದ್ದಾಳೆ. ನಡೆದದ್ದು ಇಷ್ಟೇ.

ಹರ್ಷಿತಾ ಹೇಳಿಕೊಟ್ಟಂತೆ ಓಡಿದಳು. ಗೌರಮ್ಮ ಬರುವಷ್ಟರಲ್ಲಿ ಒಳಗಿನಿಂದ ಚಿಲಕ ಬಿದ್ದಿತ್ತು. ಅಕ್ಕಪಕ್ಕದವರು ಸೇರಿ ಹಾರೆಯಿಂದ ಮೀಟಿ ಬಾಗಿಲು ಬಿಚ್ಚಿದರು. ಅವರನ್ನು ಕಂಡು ಲೋಕೇಶ ಅವಳ ಕುತ್ತಿಗೆ ಬಿಟ್ಟ. ಹೊರಗೆ ಬಂದು ಚಪ್ಪಲಿ ಮೆಟ್ಟಿ, ಯಾರೊಂದಿಗೂ ಮಾತಾಡದೆ ಬಸ್ ಹತ್ತಿ, ಗುಬ್ಬಿಯ ಪೊಲೀಸ್ ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂತನಂತೆ. ಹೆಂಡತಿಯನ್ನು ಕೊಂದು ಬಂದಿದ್ದೇನೆ ಅಂದನಂತೆ. ಅವಳು ಸತ್ತಿಲ್ಲವೆಂದು ಅವನಿಗೆ ಗೊತ್ತಾದದ್ದು ಆಮೇಲೆ.

ನನಗೆ ಫೋನ್ ಬಂದಾಗ ಅವಳನ್ನು ತುಮಕೂರಿನ ಆಸ್ಪತ್ರೆಗೆ ತಂದಿದ್ದರು. ಉಸಿರು ಕಟ್ಟಿದ್ದರಿಂದ ಡಾಕ್ಟರು ಗಂಟಲಿನ ಕೆಳಗೆ ರಂಧ್ರ ಮಾಡಿ ಕೊಳವೆ ಹಾಕಿದ್ದರು. ಟ್ರಕಿಯಾಸ್ಟಮಿ ಎನ್ನುತ್ತಾರೆ ಅದಕ್ಕೆ. ನನ್ನನ್ನು ಕಂಡು ಅವಳ ತುಟಿ ಅಲ್ಲಾಡಿತು. ಸದ್ದು ಬರಲಿಲ್ಲ. ಮಗಳನ್ನು ಕೇಳುತ್ತಿದ್ದಾಳೆಂದು ತಿಳಿದು, ಹರ್ಷಿತಾ ಗೌರಮ್ಮನ ಜೊತೆ ಇದ್ದಾಳೆ ಎಂದೆ. ಕಣ್ಣು ಮುಚ್ಚಿಕೊಂಡಳು. ವಾರ್ಡಿನ ಹೊರಗೆ ಮಂಜಣ್ಣ ಗೋಡೆಗೆ ಹಣೆ ಒತ್ತಿ ನಿಂತಿದ್ದರು. ಆಪರೇಷನ್ ಆಗಿ ಇನ್ನೂ ಸರಿಯಾಗಿ ನಡೆಯಲಾರದ ನಜೀರ್ ಸಾಬರು ಮಗನ ಹೆಗಲು ಹಿಡಿದು ಬಂದರು. ಅವರು ಮಂಜಣ್ಣನ ಬಳಿ ಹೋಗಲು ಎರಡು ಸಲ ಎದ್ದು ಎರಡು ಸಲವೂ ಕೂತುಬಿಟ್ಟರು.

ಕೊಳವೆ ತೆಗೆದರು. ಗಾಯ ಮಾಯಿತು. ದನಿ ಮಾತ್ರ ಬರಲಿಲ್ಲ. ಧ್ವನಿಪೆಟ್ಟಿಗೆಗೆ ಪೆಟ್ಟಾಗಿದೆ, ಇನ್ನು ಇಷ್ಟೇ ಎಂದರು. ಇಷ್ಟೇ ಅಂದರೆ ಒಂದು ಪಿಸುಮಾತು. ಒಣಗಿದ ತೆಂಗಿನಗರಿ ನೆಲಕ್ಕೆ ಉಜ್ಜಿದಂಥ ಸದ್ದು. ಅವಳು ಮಗಳನ್ನು ಕರೆದುಕೊಂಡು ಅಮೃತೂರಿನ ಅಣ್ಣನ ಮನೆಗೆ ಹೋದಳು. ಲೋಕೇಶನ ಮೇಲೆ ಕೊಲೆ ಯತ್ನದ ಪ್ರಕರಣ ದಾಖಲಾಯಿತು.

ಮುಂದಿನ ವರ್ಷದ ಕ್ರಿಯಾ ಯೋಜನೆ ಸಭೆ ಹತ್ತಿರ ಬಂದಾಗ ನಾವು ಉಪಕೇಂದ್ರಗಳಿಗಾಗಿ ಮತ್ತೆ ಪ್ರಸ್ತಾವನೆ ಸಲ್ಲಿಸಿದೆವು. ಈ ಸಲ ಫಲಾನುಭವಿಗಳಲ್ಲಿ ಒಬ್ಬರು ಬಂದು ಮಾತಾಡಬಹುದು ಎಂದು ತಿಳಿಸಿದ್ದರು. ನಾನು ಸವಿತಾಳನ್ನು ಕೇಳಿರಲಿಲ್ಲ. ಕೇಳುವ ಯೋಚನೆಯೂ ಇರಲಿಲ್ಲ. ಅಮೃತೂರಿಗೆ ಅವಳ ಯೋಗಕ್ಷೇಮ ನೋಡಲು ಹೋದಾಗ ಮಾತಿನ ಮಧ್ಯೆ ಸಭೆಯ ವಿಷಯ ಬಾಯಿಗೆ ಬಂತು. ನಾನು ಬರ್ತೀನಿ ಅಂದಳು. ಗಂಡಸರ ಕೂಟ ಮತ್ತೆ ಶುರುಮಾಡಿ ಎಂದು ತಾನೇ ಕೇಳುತ್ತೇನೆ ಅಂದಳು.

ಜಗಲಿಯ ಮೇಲೆ ಕಾಯಿ ಸುಲಿಯುತ್ತಿದ್ದ ಮಂಜಣ್ಣ ಕೈ ನಿಲ್ಲಿಸಿದರು.

"ಏನಂದೆ? ಆ ನನ್ಮಗಂಗೆ ಟೀ ಕುಡ್ಸಕ್ಕೆ ದುಡ್ಡು ಕೊಡಿ ಅಂತ ಕೇಳಕ್ ಹೋಗ್ತೀಯಾ ನೀನು? ಕತ್ನಲ್ಲಿ ಆ ತೂತಿನ ಕಲೆ ಇಟ್ಕಂಡು?"

"ಅವ್ನಿಗಲ್ಲ ಕಣಣ್ಣ." ಅವಳು ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು. "ಅವ್ನಂಗಿರೋನು ಇನ್ನೊಬ್ಬ ಇರ್ತಾನೆ. ಅವ್ನ ಹೆಂಡ್ತಿಗೆ."

"ನಿನ್ಗೆ ತಲೆ ಕೆಟ್ಟದೆ, ಬುಡು" ಎಂದು ಮಂಜಣ್ಣ ಎದ್ದು ತೋಟಕ್ಕೆ ಹೋದರು. ನಾನು ಅವಳನ್ನು ಒತ್ತಾಯಿಸಲಿಲ್ಲ, ತಡೆಯಲೂ ಇಲ್ಲ. ಕೋರ್ಟಿನಲ್ಲಿ ಇದನ್ನು ಬೇರೆ ರೀತಿ ಬಳಸಿಕೊಂಡಾರು ಎಂದು ಎಚ್ಚರಿಸಿದೆ. ವಕೀಲರನ್ನೂ ಕೇಳಿದೆವು. ಸಭೆಯ ದಿನ ಕುಣಿಗಲ್ಲಿನಲ್ಲಿ ಬಸ್ ಬದಲಿಸಿ ತುಮಕೂರಿಗೆ ಬಂದಿಳಿದಾಗ ಅವಳ ಹಿಂದೆ ಮಂಜಣ್ಣನೂ ಇಳಿದರು. ನನ್ನನ್ನು ನೋಡಲಿಲ್ಲ.

ಸಭೆಯಲ್ಲಿ ಹಿಂದಿನ ವರ್ಷದ ಅಧಿಕಾರಿಯೇ ಇದ್ದರು. ಸವಿತಾ ಎದ್ದು ಮಾತು ಶುರುಮಾಡಿದಾಗ ಯಾರಿಗೂ ಕೇಳಿಸಲಿಲ್ಲ. ಮೈಕ್ ಹತ್ತಿರ ಹಿಡಿದರೆ ಬರೀ ಉಸಿರು ಬಂತು. ಯಾರೋ ಎದ್ದು ಫ್ಯಾನುಗಳನ್ನು ಆರಿಸಿದರು. ಹಾಳೆ ತಿರುವುತ್ತಿದ್ದವರು ನಿಲ್ಲಿಸಿದರು.

"ನನ್ ಗಂಡ ಲೋಕೇಶ" ಎಂದಳು. ಅಲ್ಲಿಯವರೆಗೆ ಅವಳು ಅವನ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ. "ಶನಿವಾರದ ಕೂಟಕ್ಕೆ ಹೋಗ್ತಿದ್ದ. ಹೋಗ್ತಿರೋಗಂಟ ನಾನು ಬದುಕಿದ್ದೆ ಸಾರ್, ಚೆನ್ನಾಗೇ ಬದುಕಿದ್ದೆ. ಕೂಟ ನಿಂತೋಯ್ತು. ನಿಂತ ಮೇಲೂ ಶನಿವಾರ ಸಂಜೆ ಅವ್ನು ಅಲ್ಲಿಗೆ ಹೋಗೋನು. ಬೀಗ ಹಾಕಿರೋದು. ನಾನು ಡೈರಿಗೆ ಹಾಲು ಹಾಕಕ್ಕೆ ಹೋಗ್ತಾ ನೋಡ್ತಿದ್ದೆ. ಜಗ್ಲಿ ಮೇಲೆ ಒಬ್ನೇ ಕೂತಿರೋನು. ಯಾರಾದ್ರೂ ಬತ್ತಾರೇನೋ ಅಂತ. ಕತ್ಲಾದ ಮೇಲೆ ಎದ್ದು ಬರೋನು. ಆಮೇಲೆ ಹೋಗೋದನ್ನೇ ಬಿಟ್ಬುಟ್ಟ."

ನಾನು ಅದನ್ನು ಮೊದಲ ಸಲ ಕೇಳಿದ್ದು ಅಲ್ಲಿ, ಎಲ್ಲರ ಜೊತೆ. ನನ್ನ ಜೊತೆ ಬಂದು ಪಕ್ಕದಲ್ಲಿ ಕೂತಿದ್ದ ನಜೀರ್ ಸಾಬರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಅಧಿಕಾರಿ ಕೇಳಿದರು. "ಅಮ್ಮಾ, ಹಾಗಾದ್ರೆ ಅವರ ಮೇಲಿನ ಕೇಸು ವಾಪಸ್ ತಗೋಬೇಕು ಅಂತಿದೀರಾ?"

"ಇಲ್ಲ ಸಾರ್. ಅವ್ನು ಮಾಡಿದ್ದು ಅವ್ನೇ ಮಾಡಿದ್ದು. ಅದ್ಕೆ ಕೋರ್ಟಲ್ಲಿ ನಾನೇ ನಿಂತು ಹೇಳ್ತೀನಿ. ಇದು ಬ್ಯಾರೆ. ಆ ರೂಮು ತೆಗೀರಿ ಅಷ್ಟೇ."

ಕೂತಳು. ಸ್ವಲ್ಪ ಹೊತ್ತಿನವರೆಗೆ ಫ್ಯಾನ್ ಹಾಕಲು ಯಾರೂ ಏಳಲಿಲ್ಲ.

ಮಂಜೂರಾತಿ ಬಂತು. ಗಂಡಸರ ಕೂಟಕ್ಕೆ ಪ್ರತ್ಯೇಕ ಲೆಕ್ಕ ಶೀರ್ಷಿಕೆಯನ್ನೇ ತೆರೆದರು, ಇನ್ನು ಆಡಿಟ್‌ನವರು ಕೇಳುವಂತಿರಲಿಲ್ಲ. ವರದಿಯ ನಮೂನೆಯಲ್ಲಿ ಆ ಅಧಿಕಾರಿ ತಾವಾಗಿ ಒಂದು ಕಾಲಂ ಸೇರಿಸಿದರು. ದೂರು ದಾಖಲಾಗದಿದ್ದರೂ ಅಪಾಯವಿದೆ ಎಂದು ನಾವು ಗುರುತಿಸಿ ಬೆನ್ನುಹತ್ತಿ ವಿಚಾರಿಸುತ್ತಿರುವ ಮನೆಗಳಿಗೆ. ನಿಟ್ಟೂರಿನ ಕೋಣೆ ಮತ್ತೆ ತೆರೆಯಿತು. ಗಂಡಸರ ಕೂಟ ಈ ಸಲ ಅಮೃತೂರಿನಲ್ಲೂ ಶುರುವಾಗಬೇಕಿತ್ತು, ಆದರೆ ಅಲ್ಲಿ ಹಿಂದಿನ ಕೋಣೆ ಸಿಗಲಿಲ್ಲ. ಆಗ ಮಂಜಣ್ಣ ತಮ್ಮ ಕೊಬ್ಬರಿ ತುಂಬುವ ಶೆಡ್ಡಿನ ಒಂದು ಭಾಗವನ್ನು ತೆರವು ಮಾಡಿಸಿ ಕೊಟ್ಟರು. ಕೂಟದ ದಿನ ಮಾತ್ರ ಅವರು ಆ ಕಡೆ ಸುಳಿಯುವುದಿಲ್ಲ. ಬೆಳಿಗ್ಗೆಯೇ ಕೀಲಿ ಕೊಟ್ಟು ಕುಣಿಗಲ್ಲಿಗೆ ಹೋಗಿಬಿಡುತ್ತಾರೆ.

ಸವಿತಾ ಹೇಳಿದಂತೆಯೇ ಸೆಷನ್ಸ್ ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದಳು. ಲೋಕೇಶ ಅವಳನ್ನು ನೋಡಲಿಲ್ಲ. ಅವಳು ಮಾತಾಡಲು ಶುರುಮಾಡಿ ಆ ದನಿ ಕೇಳಿದಾಗ ಮಾತ್ರ ತಲೆಯೆತ್ತಿದ. ಮಾತು ಮುಗಿಯುವವರೆಗೂ ಕಟಕಟೆಯ ಕಂಬಿ ಹಿಡಿದು ನಿಂತಿದ್ದ. ಶಿಕ್ಷೆಯಾಯಿತು. ನಜೀರ್ ಸಾಬರು ಜೈಲಿಗೆ ಹೋಗಿ ಒಂದು ಸಲ ನೋಡಿ ಬಂದರು. ಏನು ಮಾತಾಡಿದಿರಿ ಎಂದು ಕೇಳಿದ್ದಕ್ಕೆ, "ಏನೂ ಇಲ್ಲ ಮೇಡಂ. ಅವ್ನು ಕೇಳಿದ್ದು ಒಂದೇ. ಅವ್ಳ್ದು ಗಂಟ್ಲು ಸರಿ ಹೋಗ್ತದಾ ಅಂತ. ಇಲ್ಲ ಅಂದೆ" ಅಂದರು.

ಈಗ ನಾನು ನಿವೃತ್ತಳು. ಸವಿತಾ ಅಮೃತೂರಿನಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಗಿರಾಕಿಗಳು ಅಳತೆ ಕೊಡುವಾಗ ಅವಳ ಬಾಯಿಯ ಹತ್ತಿರ ಕಿವಿ ತರುತ್ತಾರೆ. ಹರ್ಷಿತಾ ಹೈಸ್ಕೂಲು ಮುಗಿಸುತ್ತಿದ್ದಾಳೆ. ಅವಳು ಮನೆಯಲ್ಲಿ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ, ಬಾಯಿಗೆ ಬಂದದ್ದು ಮಾತಾಡುತ್ತಲೇ ಇರುತ್ತಾಳೆ ಎಂದು ಮಂಜಣ್ಣ ಗೊಣಗುತ್ತಾರೆ. ನಾನು ಹೋದಾಗ ನೋಡಿದ್ದೇನೆ. ಅಮ್ಮ ಹೇಳಬೇಕಾದ್ದನ್ನೂ ಅವಳೇ ಹೇಳಿಬಿಡುತ್ತಾಳೆ.

ಹೊಸ ಸಮಾಲೋಚಕಿಯರ ತರಬೇತಿಗೆ ನನ್ನನ್ನು ಕರೆಯುತ್ತಾರೆ. ಈ ಪ್ರಕರಣ ಹೇಳಿದ ಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, ಕೂಟ ನಿಲ್ಲದಿದ್ದರೆ ಅದು ನಡೆಯುತ್ತಿರಲಿಲ್ಲವೇ ಎಂದು. ನಡೆಯುತ್ತಿರಲಿಲ್ಲ ಎಂದು ಹೇಳಲು ಆಸೆಯಾಗುತ್ತದೆ. ಹಾಗೆ ಹೇಳಿದರೆ ಮುಂದಿನ ವರ್ಷದ ಅನುದಾನ ಕೇಳುವುದು ಸುಲಭ. ಆದರೆ ನನಗೆ ಗೊತ್ತಿಲ್ಲ. ಕೂಟ ಇದ್ದ ದಿನಗಳಲ್ಲೇ ಅವಳು ಒಂದು ದಿನ ಸುಮ್ಮನಾಗಿದ್ದರೆ, ಅಂಗಡಿಗೆ ಹೋಗುವ ದಾರಿ ಅವನಿಗೆ ಮರೆತಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು. ಲೋಕೇಶನ ಕೈಗೆ ಲೋಕೇಶನೇ ಹೊಣೆ, ಯಾವ ಸಮಿತಿಯೂ ಅಲ್ಲ. ಅದೇ ಕೈಯನ್ನು ಅಷ್ಟು ತಿಂಗಳು ತಡೆದು ಹಿಡಿದದ್ದರಲ್ಲಿ ನಾಲ್ಕು ಕುರ್ಚಿ, ಒಬ್ಬ ಡ್ರೈವರು, ಒಂದಿಷ್ಟು ಟೀ ಇದ್ದವು ಎಂಬುದೂ ಅಷ್ಟೇ ನಿಜ. ಈ ಎರಡು ನಿಜಗಳನ್ನು ಒಟ್ಟಿಗೆ ಹೊತ್ತುಕೊಂಡು ಇರುವುದು ಕಷ್ಟ. ಕೆಲವು ದಿನ ಮನೆಯಲ್ಲಿ ಒಬ್ಬಳೇ ಇರುವಾಗ ಫೋನ್ ಎತ್ತಿದರೆ ಆ ಹಳೆಯ ಗಟ್ಟಿ ದನಿ ಕೇಳುತ್ತದೇನೋ ಎಂದು ಅನಿಸಿ, ನನಗೇ ತಿಳಿಯದೆ ಕಿವಿಯಿಂದ ದೂರ ಹಿಡಿದಿರುತ್ತೇನೆ.

ತರಬೇತಿಗೆ ಬಂದವರಿಗೆ ನಾನು ಹೇಳುವುದು ಇಷ್ಟು. ನಮ್ಮ ಕಾರ್ಯಕ್ರಮ ಎಂದು ಮುಗಿಯುತ್ತದೆ ಎಂಬುದನ್ನು ಹೆಂಗಸಿಗೆ ಮೊದಲ ದಿನವೇ ಹೇಳಿ. ಅವಳ ಸುರಕ್ಷತೆಯನ್ನು ನಮ್ಮ ಮೇಲೆ ನಿಲ್ಲಿಸಬೇಡಿ, ನಾವಿಲ್ಲದಿದ್ದರೂ ನಿಲ್ಲುವಂತೆ ಕಟ್ಟಿ. ಆಮೇಲೆ ಪ್ರತಿ ವರ್ಷ ಸಭೆಗೆ ಹೋಗಿ. ಇಷ್ಟು ಜೀವ ಉಳಿಸಿದೆವು ಎಂದು ಲೆಕ್ಕ ಕೇಳಿದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಿ. ಗೊತ್ತಿಲ್ಲ ಎಂದು ಹೇಳಿದ ಮೇಲೂ ಆ ಹಣ ಕೇಳುವುದನ್ನು ಬಿಡದೆ ಅಲ್ಲೇ ನಿಂತಿರಿ.